ಸ್ಮಾರಕದ ನೆರಳಿನಲ್ಲಿ ಬಾಳುವವರ ಹಕ್ಕು

ತೊಗರ್ಸಿ, ಶಿರಾಳಕೊಪ್ಪ, ಶಿಕಾರಿಪುರ, ಸೊರಬ - ಈ ಸೀಮೆಯಲ್ಲಿ ಬಾಳುವ ನಮಗೆ ಹಳೆಯ ಕಲ್ಲುಕಟ್ಟಡಗಳು ಅಪರೂಪದ ನೋಟವಲ್ಲ. ತೊಗರ್ಸಿಯಲ್ಲಿ ಪ್ರಾಚೀನ ಮಲ್ಲಿಕಾರ್ಜುನ ದೇವಾಲಯವಿದೆ. ತಾಳಗುಂದದಲ್ಲಿ ಕದಂಬರ ವಂಶಚರಿತ್ರೆಯನ್ನು ಹೊತ್ತ ಶಾಸನಸ್ತಂಭವಿದೆ. ಶಿರಾಳಕೊಪ್ಪದ ಮಗ್ಗುಲಲ್ಲೇ ಬಳ್ಳಿಗಾವಿಯಿದೆ. ಇವು ನಮ್ಮ ಮಸೀದಿಗಳಲ್ಲ, ನಮ್ಮ ಹಿರಿಯರ ಸಮಾಧಿಗಳೂ ಅಲ್ಲ, ಹೀಗಿರುವಾಗ ಇವುಗಳ ಸಂರಕ್ಷಣೆಯ ಚಿಂತೆ ನಮಗೇಕೆ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಗೋಲಗುಮ್ಮಟದ ಚಿಂತೆ ನಮಗೇಕೆ ಎಂದು ಕೇಳುವ ನೆರೆಯವರೂ ಇದ್ದಾರೆ. ಎರಡು ಪ್ರಶ್ನೆಗಳೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಕಟ್ಟಡ ಯಾರದು ಎಂಬಲ್ಲಿಗೇ ನಮ್ಮೆಲ್ಲರ ವಿಚಾರ ನಿಂತುಬಿಡುತ್ತದೆ. ಅದು ಯಾರಿಗಾಗಿ ನಿಂತಿದೆ ಎಂದು ಕೇಳುವವರು ವಿರಳ.

ಬಳ್ಳಿಗಾವಿ ಇಂದು ಒಂದು ಹಳ್ಳಿ. 11 ಮತ್ತು 12ನೆಯ ಶತಮಾನಗಳಲ್ಲಿ ಅದು ಬನವಾಸಿ 12000 ನಾಡಿನ ರಾಜಧಾನಿಯಾಗಿದ್ದ ದೊಡ್ಡ ನಗರ. ಶೈವ, ವೈಷ್ಣವ, ಜೈನ, ಬೌದ್ಧ - ಎಲ್ಲ ಮತದವರ ನೆಲೆಗಳೂ ಅಲ್ಲಿದ್ದವೆಂದು ಶಾಸನಗಳು ತಿಳಿಸುತ್ತವೆ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಈಗಲೂ ಊರಿನ ನಡುವೆ ನಿಂತಿದೆ. ಆದರೆ ನಮ್ಮ ಗಮನವನ್ನು ಹೆಚ್ಚು ಸೆಳೆಯುವುದು ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಆ ಹೆಸರು. 1162ರ ಶಾಸನವೊಂದು ಆ ಮಠವನ್ನು ಹೊಗಳುವ ರೀತಿಯನ್ನು ಗಮನಿಸಬೇಕು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದು ಹೇಳಿ ಅದು ಸುಮ್ಮನಾಗುವುದಿಲ್ಲ. ದೀನರು, ಅನಾಥರು, ಕುರುಡರು, ಕಿವುಡರು, ಕುಂಟರು ಮೊದಲಾದವರಿಗೆ ಅನ್ನ ದೊರೆಯುವ ಸ್ಥಳ ಅದು. ನಾನಾ ದೇಶಗಳಿಂದ ಬಂದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳ. ಭಯಗೊಂಡು ಬಂದವರಿಗೆ ಆಶ್ರಯ ಸಿಗುವ ಸ್ಥಳ ಎಂದೂ ಹೇಳುತ್ತದೆ. ಶಿಲ್ಪಿಯ ಕೈಚಳಕವನ್ನು ನಾವು ಇಂದು ಕೊಂಡಾಡುತ್ತೇವೆ. ಅಂದಿನವರು ಆ ಸ್ಥಳವನ್ನು ಕೊಂಡಾಡಿದ್ದು ಅಲ್ಲಿ ಯಾರು ಉಂಡರು, ಯಾರು ಗುಣವಾದರು ಎಂಬುದಕ್ಕಾಗಿ.

ಅನ್ಯಧರ್ಮೀಯರ ಮಠವೊಂದರ ಈ ವಿವರವನ್ನು ಓದುವ ಮುಸ್ಲಿಮನಿಗೆ ತನ್ನ ಪರಂಪರೆಯ ಒಂದು ಸಂಸ್ಥೆ ನೆನಪಾಗದೆ ಇರದು. ಖೈಬರ್‌ನಲ್ಲಿ ತಮಗೆ ದೊರೆತ ಫಲವತ್ತಾದ ಭೂಮಿಯನ್ನು ಏನು ಮಾಡಲೆಂದು ಹಝ್ರತ್ ಉಮರ್(ರ) ಅವರು ಪ್ರವಾದಿವರ್ಯ(ಸ)ರಲ್ಲಿ ವಿಚಾರಿಸಿದಾಗ ದೊರೆತ ಮಾರ್ಗದರ್ಶನವೇ ವಕ್ಫ್‌ನ ಅಡಿಪಾಯ. ಮೂಲವನ್ನು ಕಾದಿರಿಸಬೇಕು, ಫಲವನ್ನು ಹಂಚಬೇಕು. ಆ ಭೂಮಿಯನ್ನು ಮಾರುವಂತಿಲ್ಲ, ವಾರಸುದಾರರ ನಡುವೆ ಪಾಲು ಮಾಡುವಂತಿಲ್ಲ. ಅದರ ಉತ್ಪತ್ತಿ ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಸಲ್ಲಬೇಕು. ಮೇಲ್ವಿಚಾರಣೆ ಮಾಡುವವನು ಮಿತವಾಗಿ ಅದರಿಂದ ಉಣ್ಣಬಹುದು, ಆದರೆ ಸಂಪತ್ತು ಕೂಡಿಡಬಾರದು. ಮದೀನಾದಲ್ಲಿ ಹಝ್ರತ್ ಉಸ್ಮಾನ್(ರ) ಅವರು ರೂಮಾ ಬಾವಿಯನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟದ್ದೂ ಇದೇ ಬಗೆಯ ದಾನ. ಬಾವಿ ಉಳಿಯಬೇಕು, ನೀರು ಹರಿಯಬೇಕು. ಬಾವಿಯನ್ನು ಬತ್ತಿಸಿದವನು ಅಮಾನತ್ತಿಗೆ ದ್ರೋಹ ಬಗೆದಂತೆ. ಬಾವಿಯ ಸುತ್ತ ಬೇಲಿ ಹಾಕಿ ನೀರೆತ್ತುವವರನ್ನು ಅಟ್ಟಿದವನೂ ಅಮಾನತ್ತನ್ನು ಕಾಪಾಡಿದಂತಾಗಲಿಲ್ಲ.

ಐತಿಹಾಸಿಕ ನಗರಗಳ ಸಂರಕ್ಷಣೆಯನ್ನು ನಾವು ಈ ಅಳತೆಗೋಲಿನಿಂದಲೇ ನೋಡಬೇಕೆಂಬುದು ನಮ್ಮ ವಾದ. ನಮ್ಮ ದೇಶದಲ್ಲಿ ಸರ್ಕಾರವು ಈ ಕರ್ತವ್ಯದ ಮೊದಲ ಅರ್ಧವನ್ನು ಮಾತ್ರ ಕೈಗೆತ್ತಿಕೊಂಡಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಸ್ಮಾರಕ ಹೊಲಗಳ ನಡುವೆ ಇದ್ದರೆ ಇದರಿಂದ ಯಾರಿಗೂ ಹೆಚ್ಚಿನ ತೊಂದರೆಯಿಲ್ಲ. ವಿಜಯಪುರ, ಬೀದರ್, ಕಲಬುರಗಿಯಂತಹ ನಗರಗಳಲ್ಲಿ ಹೆಜ್ಜೆ ಹೆಜ್ಜೆಗೂ ಒಂದು ಗುಮ್ಮಟ, ಒಂದು ಬುರುಜು. ಅಲ್ಲಿ ಈ ವೃತ್ತಗಳು ಇಡೀ ಮೊಹಲ್ಲಾಗಳನ್ನೇ ನುಂಗುತ್ತವೆ. ಮಗನ ಮದುವೆಗೆಂದು ಮಾಳಿಗೆಯ ಮೇಲೊಂದು ಕೋಣೆ ಕಟ್ಟಲಾಗದ ಕುಟುಂಬಕ್ಕೆ ಪಕ್ಕದ ಸ್ಮಾರಕದ ಮೇಲೆ ಅಭಿಮಾನ ಹೇಗೆ ಹುಟ್ಟೀತು? ಪ್ರತಿ ಸ್ಮಾರಕಕ್ಕೂ ಅದರ ಸುತ್ತಣ ಪರಿಸ್ಥಿತಿಗೆ ತಕ್ಕ ಉಪವಿಧಿಗಳನ್ನು ರೂಪಿಸಬೇಕೆಂದು ಅದೇ ತಿದ್ದುಪಡಿ ಹೇಳಿದೆ. ಆ ಭಾಗವನ್ನು ನೆನಪಿಸಿ ಒತ್ತಾಯಿಸುವವರು ಕಡಿಮೆ.

ಹಂಪಿಯಲ್ಲಿ ನಡೆದದ್ದು ಇನ್ನೂ ಕಠೋರ. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಹಳೆಯ ಮಂಟಪಗಳನ್ನು ಆಶ್ರಯಿಸಿ ಮನೆ, ಅಂಗಡಿ, ಖಾನಾವಳಿ ನಡೆಸುತ್ತಿದ್ದ ಕುಟುಂಬಗಳನ್ನು ಯಂತ್ರಗಳನ್ನು ತಂದು ತೆರವುಗೊಳಿಸಲಾಯಿತು. ಅವರೆಲ್ಲ ನಿರಪರಾಧಿಗಳೆಂದು ನಾವು ಹೇಳುವುದಿಲ್ಲ. ಕೆತ್ತನೆಯ ಕಂಬಕ್ಕೆ ಮೊಳೆ ಹೊಡೆದವರು, ಮಂಟಪಕ್ಕೆ ಸಿಮೆಂಟು ಮೆತ್ತಿದವರು, ಒಲೆಯ ಹೊಗೆಯಿಂದ ಕಲ್ಲನ್ನು ಕಪ್ಪಾಗಿಸಿದವರು ಇದ್ದೇ ಇದ್ದರು. ಆದರೂ ಒಂದು ಮಾತು. ಆ ಮಂಟಪಗಳ ಸಾಲನ್ನು ವಿಜಯನಗರದ ಕಾಲದಲ್ಲಿ ಕಟ್ಟಿಸಿದ್ದೇ ವ್ಯಾಪಾರಕ್ಕಾಗಿ. ಪೇಟೆಯನ್ನು ಉಳಿಸುವ ಸಲುವಾಗಿ ಪೇಟೆಯವರನ್ನು ಹೊರಹಾಕಿದ್ದು ನಮಗೆ ವಿಚಿತ್ರವಾಗಿಯೇ ಕಾಣುತ್ತದೆ. ಹೊಳೆಯ ಆಚೆ ದಡದ ಆನೆಗೊಂದಿಯಲ್ಲಿ ಬೇರೊಂದು ದಾರಿ ಹಿಡಿದವರಿದ್ದಾರೆ. 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಅಲ್ಲಿನ ಮಹಿಳೆಯರಿಗೆ ಬಾಳೆನಾರಿನ ಕೈಕೆಲಸ ಕಲಿಸಿತು, ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಬಳಕೆಗೆ ತಂದಿತು. ಊರವರನ್ನು ಊರಲ್ಲೇ ಉಳಿಸಿಕೊಂಡು ಊರನ್ನೂ ಉಳಿಸಬಹುದೆಂಬುದಕ್ಕೆ ಅಷ್ಟು ಹತ್ತಿರದಲ್ಲೇ ಉದಾಹರಣೆ ಇತ್ತು. ಕಲಬುರಗಿ ಕೋಟೆಯೊಳಗೆ ತಲೆಮಾರುಗಳಿಂದ ವಾಸವಾಗಿರುವ ಕುಟುಂಬಗಳ ತೆರವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದಾಗಲೂ ನಮಗೆ ನೆನಪಾಗಬೇಕಾದದ್ದು ಈ ಎರಡು ದಡಗಳೇ.

ವಿಜಯಪುರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆ ನಗರವನ್ನು ನಾವು ಗುಮ್ಮಟಗಳಿಂದ ಅಳೆಯುತ್ತೇವೆ. ಆದಿಲ್‌ಶಾಹಿಗಳ ನಿಜವಾದ ಸಾಧನೆಯೆಂದು ನಾವು ಭಾವಿಸುವುದು ಅವರ ಜಲವ್ಯವಸ್ಥೆಯನ್ನು. ಮಳೆ ಕಡಿಮೆಯಾದ ಆ ಬಯಲಿನಲ್ಲಿ ಅಷ್ಟು ದೊಡ್ಡ ನಗರವೊಂದು ಬದುಕಿದ್ದು ನೆಲದಡಿಯ ಸುರಂಗ ಕಾಲುವೆಗಳಿಂದ, ಬೇಗಂ ತಾಲಾಬಿನಿಂದ, ಒತ್ತಡವನ್ನು ಸಮತೋಲನಗೊಳಿಸುತ್ತಿದ್ದ ಗಂಜ್ ಎಂಬ ನೀರಿನ ಗೋಪುರಗಳಿಂದ ಮತ್ತು ಮೊಹಲ್ಲಾಕ್ಕೊಂದರಂತೆ ತೋಡಿದ ಬಾವಡಿಗಳಿಂದ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಕಾಲದಲ್ಲಿ, 1620ರಲ್ಲಿ ಸಿದ್ಧವಾದ ತಾಜ್ ಬಾವಡಿಯ ಕಮಾನಿನ ಕೆಳಗೆ ನಿಂತರೆ ಅದು ಅರಮನೆಯ ಹೆಬ್ಬಾಗಿಲಂತೆ ತೋರುತ್ತದೆ. ಮೆಟ್ಟಿಲಿಳಿದರೆ ಸಿಗುವುದು ನೀರು. ಇಕ್ಕೆಲಗಳಲ್ಲಿ ದಣಿದು ಬಂದ ಪ್ರಯಾಣಿಕರು ತಂಗಲು ಕೋಣೆಗಳು. ಜನಸಾಮಾನ್ಯರು ನೀರು ತುಂಬಿಕೊಳ್ಳುವ ಜಾಗಕ್ಕೆ ಸುಲ್ತಾನನು ಅಷ್ಟು ದೊಡ್ಡ ಬಾಗಿಲನ್ನು ಕಟ್ಟಿಸಿದನಲ್ಲ, ಆ ಔದಾರ್ಯ ನಮ್ಮ ಇಂದಿನ ನಗರಸಭೆಗಳ ನಲ್ಲಿಕಟ್ಟೆಗಳಲ್ಲಿ ಕಾಣಸಿಗುವುದಿಲ್ಲ.

ಮುಂದೆ ಮನೆಮನೆಗೆ ಕೊಳಾಯಿ ಬಂದಿತು. ಬಾವಡಿಗಳು ಕಸದ ಗುಂಡಿಗಳಾದವು. ಕಸ ಸುರಿದವರು ಯಾರು ಎಂದು ಕೇಳಿಕೊಂಡರೆ ನಾವೂ ತಲೆತಗ್ಗಿಸಬೇಕಾಗುತ್ತದೆ. 2016-17ರ ಬರಗಾಲದ ಹೊತ್ತಿನಲ್ಲಿ ನಗರದ ಹಲವು ಬಾವಡಿಗಳ ಹೂಳೆತ್ತಲಾಯಿತು, ಅವುಗಳ ನೀರನ್ನು ಸುತ್ತಣ ಬಡಾವಣೆಗಳ ಬಳಕೆಗೆ ಒದಗಿಸುವ ಪ್ರಯತ್ನವೂ ನಡೆಯಿತು. ವಿಶ್ವ ಸ್ಮಾರಕ ನಿಧಿಯು ಪ್ರಪಂಚದಾದ್ಯಂತ ತುರ್ತು ಗಮನ ಬೇಡುವ ತಾಣಗಳ 2020ರ ಪಟ್ಟಿಯಲ್ಲಿ ದಕ್ಖನ್ ಪ್ರಸ್ಥಭೂಮಿಯ ಸಾಂಪ್ರದಾಯಿಕ ಜಲವ್ಯವಸ್ಥೆಗಳನ್ನು ಸೇರಿಸಿತು. ಕಮಾನಿಗೆ ಬಣ್ಣ ಬಳಿದು ದೀಪ ಹಾಕಿದ್ದಕ್ಕಿಂತ ಹೂಳೆತ್ತಿದ್ದು ಹಿರಿದಾದ ಸಂರಕ್ಷಣೆ. ಬಾವಡಿಯ ನೀರು ಬಳಸುವ ಮನೆಗಳವರು ಅದರೊಳಗೆ ಕಸ ಸುರಿಯಲು ಬಿಡಲಾರರು. ಆ ಕಾವಲಿಗೆ ಸಂಬಳ ಕೊಡಬೇಕಾಗಿಲ್ಲ.

ಈ ನಡುವೆ ಅದೇ ವಿಜಯಪುರದಲ್ಲಿ ಹಲವು ಸ್ಮಾರಕಗಳ ಬಗ್ಗೆ ಪುರಾತತ್ವ ಇಲಾಖೆ ಮತ್ತು ವಕ್ಫ್ ಮಂಡಳಿಗಳ ನಡುವೆ ಒಡೆತನದ ವಿವಾದ ಬೆಳೆದಿದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯು ಸಂರಕ್ಷಿತ ಸ್ಮಾರಕಗಳನ್ನು ವಕ್ಫ್ ಎಂದು ಘೋಷಿಸಿದ್ದು ಅಸಿಂಧುವೆಂದು ಹೇಳಿದೆ. ಆ ಕಾನೂನಿನ ಬಗ್ಗೆ ಸಮುದಾಯಕ್ಕಿರುವ ಆತಂಕ ನಿಜವಾದದ್ದು, ಅದನ್ನು ನ್ಯಾಯಾಲಯಗಳಲ್ಲಿ ಎತ್ತುವುದು ನಮ್ಮ ಹಕ್ಕು. ಆದರೆ ಒಡೆತನದ ಪತ್ರ ನಮ್ಮ ಕೈಯಲ್ಲಿದ್ದ ದಶಕಗಳಲ್ಲಿ ಆ ಬಾವಡಿಗಳ, ಆ ಸರಾಯಿಗಳ ಫಲ ಯಾರಿಗೆ ಸಂದಿತು ಎಂಬ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಬೇಕು.

ಬಳ್ಳಿಗಾವಿಯು ಅಲ್ಲಮಪ್ರಭುವಿನ ಹುಟ್ಟೂರು ಎಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಇಲ್ಲಿಂದ ನೂರಾರು ಕಿಲೋಮೀಟರ್ ಉತ್ತರದ ಬೀದರಿನಲ್ಲಿ ಅಲ್ಲಮನ ಹೆಸರು ಒಬ್ಬ ಸುಲ್ತಾನನ ಸಮಾಧಿಯ ಬಳಿ ಕೇಳಿಬರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಅಹ್ಮದ್ ಶಾಹ್ ವಲಿಯನ್ನು ಅಲ್ಲಿನ ಹಿಂದೂ ಭಕ್ತರು ಅಲ್ಲಮಪ್ರಭುವಿನ ರೂಪವೆಂದು ಗೌರವಿಸುತ್ತ ಬಂದಿದ್ದಾರೆ. ಅಷ್ಟೂರಿನ ಆತನ ಗೋರಿಯ ಉರೂಸಿಗೆ ಪ್ರತಿ ವರ್ಷ ಜಂಗಮರೊಬ್ಬರು ಬರುವ ವಾಡಿಕೆಯಿದೆ. ಉರೂಸಿನ ಆಚರಣೆಗಳ ಕುರಿತು ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಅದನ್ನಿಲ್ಲಿ ಚರ್ಚಿಸುವುದಿಲ್ಲ. ಒಂದು ಗುಮ್ಮಟದಡಿ ಎರಡು ಸಮುದಾಯಗಳು ಸೇರುವ ರೂಢಿಯು ಆ ಕಟ್ಟಡಕ್ಕೆ ಯಾವ ಬೇಲಿಯೂ ಕೊಡಲಾಗದ ರಕ್ಷಣೆ ನೀಡಿದೆ ಎಂಬುದನ್ನಷ್ಟೇ ಗಮನಿಸಬೇಕು.

ಬೀದರಿನ ಇನ್ನೊಂದು ಸಂಗತಿ ಇದಕ್ಕಿಂತಲೂ ಸೋಜಿಗದ್ದು. ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಯಲ್ಲಿ ಅದಕ್ಕೆ ಕಪ್ಪು ಬಣ್ಣ ಬರಿಸಲು ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಬಳಸುತ್ತಾರೆ. ಬಿಸಿಲು ಮಳೆ ತಾಗದ ಮಣ್ಣನ್ನು ನಾಲಿಗೆಗೆ ತಾಗಿಸಿ ರುಚಿ ನೋಡಿ ಆರಿಸುವ ಉಸ್ತಾದರು ಈಗಲೂ ಇದ್ದಾರೆ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕೋಟೆಯು ಉಳಿದರೆ ಕಸುಬು ಉಳಿಯುತ್ತದೆ, ಕಸುಬು ಉಳಿದರೆ ಹಳೆಯ ಪೇಟೆಯ ಓಣಿಗಳಲ್ಲಿ ಒಲೆ ಉರಿಯುತ್ತದೆ. ಆದ್ದರಿಂದ ಬೀದರ್ ಕೋಟೆಯ ಜೀರ್ಣೋದ್ಧಾರದ ಯೋಜನೆಯನ್ನು ತಯಾರಿಸುವವರು ಆ ಉಸ್ತಾದರನ್ನು ಕೇಳದೆ ಒಂದು ಗೆರೆ ಎಳೆದರೂ ಅದು ಅಪೂರ್ಣ ಯೋಜನೆಯೇ. 1472ರಲ್ಲಿ ಮಹ್ಮೂದ್ ಗವಾನ್ ಕಟ್ಟಿಸಿದ ಮದ್ರಸಾದ ಬಗೆಗೂ ಇದೇ ಮಾತು. ಒಂದು ಕಾಲಕ್ಕೆ ವಿದ್ಯಾರ್ಥಿಗಳು, ಉಸ್ತಾದರು, ಸಾವಿರಾರು ಹಸ್ತಪ್ರತಿಗಳು ತುಂಬಿದ್ದ ಆ ಕಟ್ಟಡದ ನೀಲಿ ಹೆಂಚುಗಳನ್ನು ಇಂದು ಪ್ರವಾಸಿಗರು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ವಾರಕ್ಕೊಮ್ಮೆಯಾದರೂ ಸುತ್ತಲಿನ ಶಾಲೆಗಳ ಮಕ್ಕಳಿಗೆ ಅದರ ಅಂಗಳದಲ್ಲಿ ಇತಿಹಾಸದ ಪಾಠ ನಡೆದರೆ ಯಾವ ಕಲ್ಲು ಸವೆದೀತು?

ಇಂತಹ ಮಾತುಗಳು ಕೇವಲ ಆಸೆಯೆಂದು ಯಾರಾದರೂ ಹೇಳಿಯಾರು. ದಿಲ್ಲಿಯಲ್ಲಿ 2007ರಿಂದ ನಡೆದ ಕೆಲಸವನ್ನು ಅವರು ನೋಡಬೇಕು. ಆಗಾ ಖಾನ್ ಸಂಸ್ಕೃತಿ ಟ್ರಸ್ಟ್, ಪುರಾತತ್ವ ಇಲಾಖೆ ಮತ್ತು ನಗರಪಾಲಿಕೆ ಒಟ್ಟಾಗಿ ಹುಮಾಯೂನ್ ಸಮಾಧಿ, ಸುಂದರ್ ನರ್ಸರಿ ಮತ್ತು ನಿಝಾಮುದ್ದೀನ್ ಬಸ್ತಿಗಳನ್ನು ಒಂದೇ ಯೋಜನೆಯೊಳಗೆ ತಂದವು. ಸಮಾಧಿಯ ಮೇಲೆ ಹಿಂದಿನವರು ಸುರಿದಿದ್ದ ಕಾಂಕ್ರೀಟನ್ನು ಕಿತ್ತು ಸುಣ್ಣದ ಗಾರೆ ಹಾಕಿದರು. ಮೆರುಗಿನ ಹೆಂಚು ತಯಾರಿಸುವ, ಇಲ್ಲಿ ಮರೆತುಹೋಗಿದ್ದ ವಿದ್ಯೆಯನ್ನು ಉಝ್ಬೇಕಿಸ್ತಾನದ ಕುಶಲಕರ್ಮಿಗಳಿಂದ ಬಸ್ತಿಯ ಯುವಕರಿಗೆ ಕಲಿಸಿದರು. ಅದೇ ಬಸ್ತಿಯಲ್ಲಿ ಪಾಲಿಕೆಯ ಶಾಲೆ ಸುಧಾರಿಸಿತು, ಆಸ್ಪತ್ರೆ ಮೇಲ್ದರ್ಜೆಗೇರಿತು, 2008ರಲ್ಲಿ ಒಂದು ಭಾಗ ಕುಸಿದಿದ್ದ ದರ್ಗಾದ ಬಾವಡಿಯು ದುರಸ್ತಿಯಾಯಿತು. ಬಾವಡಿಯ ಮೇಲೆ ಮನೆ ಕಟ್ಟಿಕೊಂಡಿದ್ದ ಕುಟುಂಬಗಳಿಗೆ ಬೇರೆ ವಸತಿಯ ವ್ಯವಸ್ಥೆಯಾಯಿತು. ಮನೆಯೊಳಗೇ ಉಳಿದಿದ್ದ ಮಹಿಳೆಯರು ‘ಝಾಯ್ಕಾ-ಎ-ನಿಝಾಮುದ್ದೀನ್’ ಎಂಬ ಹೆಸರಿನಲ್ಲಿ ತಮ್ಮ ಅಡುಗೆಯನ್ನೇ ಉದ್ಯೋಗವಾಗಿಸಿಕೊಂಡರು.

ಕೈರೋದಲ್ಲಿ ಇದೇ ಟ್ರಸ್ಟ್ ನಗರದ ಶತಮಾನಗಳ ಕಸದ ದಿಬ್ಬವನ್ನು 30 ಹೆಕ್ಟೇರಿನ ಅಲ್ ಅಝ್ಹರ್ ಉದ್ಯಾನವಾಗಿ ಮಾರ್ಪಡಿಸಿತು. ಅಗೆಯುವಾಗ ಅಯ್ಯೂಬಿ ಕಾಲದ ಕೋಟೆಗೋಡೆ ಬಯಲಾಯಿತು. ಗೋಡೆಗೆ ತಾಗಿದ್ದ ದರ್ಬುಲ್ ಅಹ್ಮರ್ ಎಂಬ ಬಡ ಮೊಹಲ್ಲಾವನ್ನು ಅದಕ್ಕಾಗಿ ಖಾಲಿ ಮಾಡಿಸಬೇಕಾಗಬಹುದೆಂಬ ಭಯವಿತ್ತು. ಹಾಗಾಗಲಿಲ್ಲ. ಅಲ್ಲಿನವರಿಗೆ ಮನೆ ದುರಸ್ತಿಗೆ ಸಣ್ಣ ಸಾಲ ಕೊಟ್ಟು, ಕಲ್ಲುಕೆಲಸ ಬಡಗಿಕೆಲಸ ಕಲಿಸಿ, ಅದೇ ಗೋಡೆಯ ದುರಸ್ತಿಯಲ್ಲಿ ಅವರನ್ನೇ ತೊಡಗಿಸಿದರು. ದೊಡ್ಡ ಹಣವಿದ್ದ ಸಂಸ್ಥೆಗೆ ಅದು ಸಾಧ್ಯವಾಯಿತು ಎನ್ನಬಹುದು. ಹಣದ ಮಾತು ಸರಿಯೇ. ಆದರೆ ಮನೆಗಳನ್ನು ಕೆಡವುವುದಕ್ಕೂ ಹಣ ಬೇಕು, ಪುನರ್ವಸತಿಯ ವ್ಯಾಜ್ಯಗಳಿಗೂ ಬೇಕು. ನಮ್ಮ ಸರ್ಕಾರಗಳು ಅದಕ್ಕೆಂದೂ ಹಣವಿಲ್ಲವೆಂದಿಲ್ಲ.

ಸರ್ಕಾರವನ್ನು ದೂರಿ ಲೇಖನ ಮುಗಿಸುವುದು ಸುಲಭ. ನಮ್ಮ ಕೈಯಲ್ಲೇ ಇರುವ ಕಟ್ಟಡಗಳ ಗತಿಯೇನು? ಮಂಗಳೂರಿನ ಬಂದರಿನಲ್ಲಿ ಝೀನತ್ ಬಕ್ಷ್ ಜುಮಾ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಅಲ್ಲಿನವರು ಉಳಿಸಿಕೊಂಡಿರುವುದನ್ನು ನೋಡಿದರೆ ಕಣ್ಣು ತಣಿಯುತ್ತದೆ. ಆದರೆ ಕರಾವಳಿಯಿಂದ ಮಲೆನಾಡಿನವರೆಗೆ ಎಷ್ಟು ಹಳೆಯ ಮಸೀದಿಗಳ ಮರದ ತೊಲೆಗಳು ಸೌದೆಯಾಗಿ ಹೋದವು! ಜಂಬಿಟ್ಟಿಗೆಯ ಗೋಡೆ, ನಾಡಹಂಚಿನ ಮಾಡು, ತಂಪಾದ ಜಗಲಿಯಿದ್ದ ಮಸೀದಿಯನ್ನು ಕೆಡವಿ ಕಾಂಕ್ರೀಟ್ ಮಾಳಿಗೆ ಹಾಕಿ ಮಾರ್ಬಲ್ ಹಾಸುತ್ತೇವೆ. ಬೇಸಿಗೆಯ ಝುಹ್ರ್ ನಮಾಝಿನಲ್ಲಿ ಸೆಖೆ ತಡೆಯಲಾಗದೆ ಹವಾನಿಯಂತ್ರಕ್ಕೆ ಚಂದಾ ಎತ್ತುತ್ತೇವೆ. ಜನಸಂಖ್ಯೆ ಹೆಚ್ಚಿದಾಗ ಜಾಗ ಸಾಲದೆಂಬುದು ನ್ಯಾಯವಾದ ಕಾರಣ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪಕ್ಕದಲ್ಲಿ ಜಾಗವಿದ್ದಾಗ ಹೊಸ ಭಾಗವನ್ನು ಅಲ್ಲಿ ಕಟ್ಟಿ, ಹಳೆಯದನ್ನು ಮಕ್ಕಳ ಮದ್ರಸಾಕ್ಕೋ, ಓದುವ ಕೋಣೆಗೋ, ಮಹಿಳೆಯರ ನಮಾಝಿಗೋ ಬಿಟ್ಟುಕೊಡಬಹುದಲ್ಲವೇ? ಈ ಪ್ರಶ್ನೆ ಅನೇಕ ಜಮಾಅತ್‌ಗಳ ಸಭೆಯಲ್ಲಿ ಏಳುವುದೇ ಇಲ್ಲ. ಹಳೆಯದನ್ನು ಉಳಿಸಿದವನ ಹೆಸರನ್ನು ಯಾರೂ ಅಮೃತಶಿಲೆಯ ಫಲಕದಲ್ಲಿ ಕೆತ್ತಿಸುವುದಿಲ್ಲ, ಅದೂ ಒಂದು ಕಾರಣವಿರಬೇಕು.

ಕೆಲವು ಕಡೆ ಉಳಿಸುವ ಉತ್ಸಾಹವೇ ಕೇಡು ತರುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಇಟ್ಟಿಗೆಯನ್ನೂ ಜಂಬಿಟ್ಟಿಗೆಯನ್ನೂ ಕೊರೆಯುತ್ತದೆ. ಹೊರಗೆ ನುಣ್ಣಗೆ ಕಾಣುವ ಗೋಡೆ ಹತ್ತಿಪ್ಪತ್ತು ಮಳೆಗಾಲಗಳಲ್ಲಿ ಟೊಳ್ಳಾಗುತ್ತದೆ. ಸುಣ್ಣವನ್ನು ಕೊಳೆಯಿಸಿ, ಮರಳು ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಸೇರಿಸಿ ಅರೆಯುವ ಹದ ಬಲ್ಲ ಗಾರೆಯವರು ವಯಸ್ಸಾದವರಲ್ಲಿ ಮಾತ್ರ ಉಳಿದಿದ್ದಾರೆ. ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗುವ ನಮ್ಮ ಯುವಕರಲ್ಲಿ ಹತ್ತು ಮಂದಿ ಈ ವಿದ್ಯೆ ಕಲಿತರೂ ಬಳ್ಳಿಗಾವಿಯಿಂದ ಬನವಾಸಿಯವರೆಗೆ ಅವರಿಗೆ ಕೆಲಸವಿದೆ. ಅದು ದೇವಾಲಯದ ಕೆಲಸವಲ್ಲವೇ ಎಂದು ಹಿಂಜರಿಯಬೇಕಾಗಿಲ್ಲ. ಸರ್ಕಾರದ ರಕ್ಷಣೆಯಲ್ಲಿರುವ ಪ್ರಾಚೀನ ಗೋಡೆ ಬೀಳದಂತೆ ನೋಡಿಕೊಳ್ಳುವ ಹಲಾಲ್ ದುಡಿಮೆ ಅದು, ನೆರೆಯವರ ಹಕ್ಕಿಗೂ ಸಲ್ಲುವಂಥದ್ದು. ಬಳ್ಳಿಗಾವಿಗೆ ಬರುವ ಪ್ರವಾಸಿಗರು ಗಂಟೆಯೊಂದರಲ್ಲಿ ನೋಡಿ ಹೊರಟುಹೋಗುತ್ತಾರೆ. ಅವರಿಗೆ ಊಟ, ವಸತಿ, ದಾರಿ ತೋರುವವರು ಶಿರಾಳಕೊಪ್ಪದಿಂದ, ತೊಗರ್ಸಿಯಿಂದ, ಎಲ್ಲ ಸಮುದಾಯಗಳಿಂದ ಬರಬೇಕು. ತಾಲೂಕಿನ ಪ್ರವಾಸೋದ್ಯಮದ ಸಭೆಗಳಿಗೆ ನಮ್ಮವರೂ ಹೋಗಿ ಕೂರಬೇಕು, ಸ್ಮಾರಕದ ಉಪವಿಧಿಗಳ ಕರಡು ಪ್ರಕಟವಾದಾಗ ಓದಿ ಆಕ್ಷೇಪ ಬರೆಯಬೇಕು. ಆಮಂತ್ರಣ ಬರಲಿಲ್ಲವೆಂದು ಮನೆಯಲ್ಲಿ ಕುಳಿತರೆ ತೆರವಿನ ನೋಟಿಸು ಮಾತ್ರ ಮನೆಗೆ ಬರುತ್ತದೆ.

ಇನ್ನು ನಮ್ಮ ಜಮಾಅತ್‌ಗಳ ಮಟ್ಟದಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಬಹುತೇಕ ಮಸೀದಿಗಳಿಗೆ ಮಳಿಗೆಗಳ ಬಾಡಿಗೆ ಬರುತ್ತದೆ. ಹಳೆಯ ಕಟ್ಟಡವಿರುವ ಕಡೆ ಆ ಬಾಡಿಗೆಯ ಒಂದು ಪಾಲನ್ನು ಅದರ ವಾರ್ಷಿಕ ದುರಸ್ತಿಗೆಂದೇ ಲೆಕ್ಕಪುಸ್ತಕದಲ್ಲಿ ಬೇರೆ ತೆಗೆದಿಡಬೇಕು. ಮೃಗಶಿರಾ ಮಳೆ ಹಿಡಿಯುವ ಮುನ್ನ ಹಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ತೊಲೆಗೆ ಗೆದ್ದಲು ಹತ್ತಿದೆಯೇ ನೋಡಿ, ನೀರು ಹರಿಯುವ ದೋಣಿಯ ಕಸ ತೆಗೆಸಿದರೆ ಹಳೆಯ ಮಾಡು ಇನ್ನೊಂದು ತಲೆಮಾರು ನಿಲ್ಲುತ್ತದೆ. ಆ ಖರ್ಚು ಎಷ್ಟಾದೀತೆಂದು ಈ ವರ್ಷದ ಸಭೆಯಲ್ಲಿ ಒಬ್ಬ ಬಡಗಿಯನ್ನೂ ಒಬ್ಬ ಗಾರೆಯವರನ್ನೂ ಕರೆಸಿ ಕೇಳಿ ನೋಡಿ. ಹೊಸ ಕಟ್ಟಡದ ನಕ್ಷೆ ತಂದ ಗುತ್ತಿಗೆದಾರರನ್ನು ಅವರ ನಂತರ ಕರೆಯಬಹುದು.